ಶ್ರುತಿ ತಪ್ಪಿದ ಕವಲು

ಶನಿವಾರ, ಅಂಗಡಿ ಮುಚ್ಚಲು ಇನ್ನು ಕಾಲು ಗಂಟೆ.
ಟೆಕ್ಸಸ್ಸಿನ ಸೆಕೆ ಬಾಗಿಲಿಗೆ ಒರಗಿ ನಿಂತಿತ್ತು.
ಲೀಲ್ಯಾಂಡ್ ಕುಬೇನಾ ಒಳಗೆ ಬಂದ,
ಟೋಪಿ ತೆಗೆದ, ರೈಫಲಿನ ಬೋಲ್ಟ್ ಎಳೆದು
ಗುಂಡಿಲ್ಲದ ಹೊಟ್ಟೆಯನ್ನು ನನಗೆ ತೋರಿಸಿದ.
ನಲವತ್ತು ವರ್ಷದ ಪರಿಚಯ, ಆದರೂ ತೋರಿಸಲೇಬೇಕು.

"ಕೆಂಪು ಚುಕ್ಕೆ ಕೈಕೊಟ್ಟಿತು, ಅಡೇಲಾ.
ಮೆಕ್ಕೆಜೋಳದ ನಡುವೆ ತಾಯಿಹಂದಿ, ಹಿಂದೆ ಒಂಬತ್ತು ಮರಿ;
ಗಾಜಿನೊಳಗೆ ನೋಡಿದರೆ ಚುಕ್ಕೆಯೇ ಇಲ್ಲ.
ಗುಂಡಿಯಷ್ಟಗಲದ ಬ್ಯಾಟರಿ ಸತ್ತದ್ದಕ್ಕೆ
ಎರಡೆಕರೆ ಹೋಯಿತು."

ಬ್ಯಾಟರಿ ಬೇಡದ್ದು ಬೇಕು ಅವನಿಗೆ. ಕಬ್ಬಿಣದ್ದು.
ಗಾಜು ಕುರುಡಾದ ದಿನ ಎದ್ದು ನಿಲ್ಲುವಂಥದ್ದು.

ಬಟ್ಟೆ ಹಾಸಿ ಐರನ್ ಸೈಟುಗಳನ್ನು ಒಂದೊಂದೇ ಇಟ್ಟೆ:
ಮಡಚಿ ಮಲಗುವ ಪ್ಲಾಸ್ಟಿಕ್ಕಿನದು, ಬೆರಳು ತಾಗಿದರೆ ಟಕ್ಕನೆ ಏಳುತ್ತದೆ,
ಕಾದ ನಳಿಗೆಯ ಹತ್ತಿರ ಬಾಗುತ್ತದೆ;
ಪಕ್ಕಕ್ಕೆ ಕೂರುವುದು, ಕತ್ತು ಓರೆಮಾಡಿದ ಕೋಳಿಯ ಹಾಗೆ;
ಉಕ್ಕಿನದು, ಮಡಚಲು ಬಾರದ್ದು,
ಬೇಕಿರಲಿ ಬೇಡದಿರಲಿ ಸದಾ ಕಣ್ಣೆದುರು.
"ನನ್ನ ಅತ್ತೆಯ ಹಾಗೆ" ಅಂದ.
ಅವನ ಅತ್ತೆ ನನ್ನ ಸ್ವಂತ ದೊಡ್ಡಮ್ಮ. ನಕ್ಕೆ.

ಗೋಡೆಯ ಕ್ಯಾಲೆಂಡರಿನ ಹಸುವಿನ ಮೇಲೆ ಕಣ್ಣಿಟ್ಟ.
ಬಹಳ ಹೊತ್ತು ಇಟ್ಟ.
"ಹಸು ಕಾಣುತ್ತದೆ. ಕಂಬ ಕಾಣುವುದಿಲ್ಲ."

ಅರವತ್ತೆಂಟರ ಕಣ್ಣು. ದೂರದ್ದನ್ನೆಲ್ಲ ಬಲ್ಲದು,
ತೋಳಳತೆಯ ಒಂದು ಕಡ್ಡಿ ಅದಕ್ಕೆ ಮಂಜು.
ಹಿಂದಿನ ಕಿಂಡಿ, ಮುಂದಿನ ಕಂಬ, ಆಚೆಯ ಪ್ರಾಣಿ:
ಮೂರೂ ಒಂದೇ ಗೆರೆಯಲ್ಲಿ ನಿಂತರೂ
ಕಣ್ಣು ಒಂದರ ಜೊತೆಗೇ ಸಂಸಾರ ಮಾಡುತ್ತದೆ.
ಕಂಬವನ್ನು ನೋಡಿ, ಹಂದಿ ಮಸುಕಾದರೆ ಆಗಲಿ ಎಂದು
ನನ್ನ ಎಮಿಲ್ ಹುಡುಗರಿಗೆ ಹೇಳುತ್ತಿದ್ದ.
ಮುದುಕರಿಗೆ ಏನು ಹೇಳುತ್ತಿದ್ದನೋ,
ನಾನು ಕೇಳಿಸಿಕೊಂಡಿರಲಿಲ್ಲ.

ಚಿಕ್ಕ ಕಿಂಡಿಗೆ ತಿರುಗಿಸಿಕೊಟ್ಟೆ. ಕಂಬ ಚೂಪಾಯಿತು.
"ಚರ್ಚಿನಲ್ಲಿ ಕೀರ್ತನೆಯ ನಂಬರನ್ನು
ರಟ್ಟಿಗೆ ಸೂಜಿ ಚುಚ್ಚಿ ಓದುತ್ತೇನೆ, ಹೀಗೆಯೇ."
ದೀಪ ಆರಿಸಿದೆ.
ಕತ್ತಲಲ್ಲಿ ಚಿಕ್ಕ ಕಿಂಡಿ ಬರೀ ಇನ್ನಷ್ಟು ಕತ್ತಲು.
ಹಂದಿ ಹಗಲು ಬರುವುದಿಲ್ಲ.
ದೊಡ್ಡ ಕಿಂಡಿಯನ್ನೇ ಎತ್ತಿ ನಿಲ್ಲಿಸಿದೆ;
ಕಂಬದ ತುದಿಗೆ ನನ್ನ ಉಗುರುಬಣ್ಣ, ಬಿಳಿ, ಒಂದೇ ಹನಿ.
ಅದು ಒಣಗುವ ತನಕ ಇಬ್ಬರೂ ಸುಮ್ಮನಿದ್ದೆವು.

ಆಮೇಲೆ ನಳಿಗೆಯ ತುದಿ.
ಫ್ಲ್ಯಾಶ್ ಹೈಡರ್ ಬೆಂಕಿಯನ್ನು ಮರೆಮಾಡುವುದು
ಹಂದಿಗಲ್ಲ, ಹೊಡೆದವನ ಕಣ್ಣಿಗೆ.
ಒಂದು ಸಲ ಮಿಂಚಿದರೆ ಸಾಕು,
ಅರ್ಧ ಗಂಟೆ ಕೂತು ಕೂಡಿಟ್ಟ ಕತ್ತಲೆಲ್ಲ ಖರ್ಚು.

ಹಕ್ಕಿಪಂಜರದಂಥದ್ದು: ಸುತ್ತ ಸೀಳು, ಕೆಳಗೆ ಮುಚ್ಚು,
ಮಲಗಿ ಹೊಡೆದರೂ ದೂಳೆಬ್ಬಿಸದು. ಅಗ್ಗ.
ಮೂರು ಕವಲಿನದು: ಬೆಂಕಿಯನ್ನು ಪೂರಾ ನುಂಗುತ್ತದೆ,
ಬೇಲಿತಂತಿಗೂ ಸಿಕ್ಕಿಕೊಳ್ಳುತ್ತದೆ. ದುಬಾರಿ.
ಕವಲಿನದನ್ನೇ ಎತ್ತಿಕೊಂಡ. ಉಗುರಿನಿಂದ ಮೀಟಿದ.

ಟಿಂ—
ಅಂಗಡಿಯ ತುಂಬ ಹಬ್ಬಿ ನಿಧಾನ ಸತ್ತಿತು.

ಮೂವತ್ತು ವರ್ಷ ಪೋಲ್ಕಾ ಬ್ಯಾಂಡುಗಳ ಅಕಾರ್ಡಿಯನ್‌ಗಳಿಗೆ
ಶ್ರುತಿ ಕೂಡಿಸಿದ ಮನುಷ್ಯ. ಕಿವಿ ಹತ್ತಿರ ತಂದ.
ಮತ್ತೆ ಮೀಟಿದ. ಮುಖ ಹುಳ್ಳಗಾಯಿತು.
"ಕೂದಲೆಳೆಯಷ್ಟು ಕೆಳಗಿದೆ.
ಒಂದೊಂದು ಗುಂಡಿಗೂ ಇದನ್ನು ಕೇಳಬೇಕೇ, ಸಾಯುವ ತನಕ?
ಪಂಜರವನ್ನೇ ಕೊಡು."

ಎಮಿಲ್ ಬಿಟ್ಟುಹೋದ ಡ್ರಾಯರಿನಲ್ಲಿ ಒಂದಿತ್ತು,
ಎಣ್ಣೆಕಾಗದದ ಮೇಲೆ ಅವನ ಕೈಬರಹ: ಒಂಬತ್ತು ಡಾಲರ್.
ಒಂಬತ್ತೇ ತೆಗೆದುಕೊಂಡೆ.

ಟ್ರಕ್ಕು ತಿರುವು ದಾಟಿದ ಮೇಲೆ
ಕವಲಿನದನ್ನು ಪೆಟ್ಟಿಗೆಗೆ ಸೇರಿಸುವಾಗ
ಯಾರೂ ನೋಡುತ್ತಿಲ್ಲವೆಂದು ನಾನೂ ಒಮ್ಮೆ ಮೀಟಿದೆ.

ನನಗೇನೂ ತಪ್ಪು ಕೇಳಿಸಲಿಲ್ಲ,
ಎಷ್ಟು ಸಲ ಮೀಟಿದರೂ.