ಷರಾ

ಹೇಳದೆ ಹೋಗಬೇಕೆಂಬುದು ನಿಯಮ. ಹೇಳದೆ ಹೋದೆ.
ಆದರೂ ಗಂಜ್ ರಸ್ತೆಯ ಆಟೋದವನಿಗೆ ಗೊತ್ತಿತ್ತು,
ಗೇಟಿನ ಮುಂದೆ ನೀರು ಚಿಮುಕಿಸಿತ್ತು,
ಫಿನಾಯಿಲಿನ ವಾಸನೆಗೆ ಇನ್ನೂ ಅರ್ಧ ಗಂಟೆ ವಯಸ್ಸು.

ರಾಯಚೂರಿನ ಮೇ ತಿಂಗಳು.
ಮುಚ್ಚಿಹೋದ ಜಿನ್ನಿಂಗ್ ಮಿಲ್ಲಿನ ಗೋದಾಮಿಗೆ
ಒಳಗಿಂದ ಸುಣ್ಣ ಬಳಿದು, ಹದಿನೇಳು ಮಂಚ, ಹದಿನೇಳು ಹೆಂಗಸರು.
ತೊಲೆಯ ಸಂದಿಯಲ್ಲಿ ಇನ್ನೂ
ಹಳೆಯ ಹತ್ತಿಯ ಎಳೆ.

ನನ್ನ ಫಾರಮಿಗೆ ನಲವತ್ತೆರಡು ಪ್ರಶ್ನೆ.
ಬೆಂಕಿ ಆರಿಸುವ ಸಿಲಿಂಡರು: ಇದೆ.
ಅದರ ಕೊಕ್ಕೆಗೆ ಯಾರದೋ ಚಪ್ಪಲಿಯ ಚೀಲ.
ಮಾತ್ರೆಯ ಡಬ್ಬಿಗಳ ಮೇಲೆ ಹೆಸರು: ಇದೆ.
ಹುಲಿಗೆಮ್ಮ. ಹುಲಿಗೆಮ್ಮ.
ಒಬ್ಬಾಕೆಗೆ ಬಿಪಿ, ಒಬ್ಬಾಕೆಗೆ ಸಕ್ಕರೆ.
'ಇದು ಉದ್ದನ ಹುಲಿಗೆಮ್ಮಂದು, ಅದು ಸಿರವಾರದಾಕಿದು,
ಎಲ್ಲಾರಿಗೂ ಗೊತ್ತೈತ್ರಿ' ಅಂದ ಮ್ಯಾನೇಜರ್ ಗಾದಿಲಿಂಗಪ್ಪ.
ನಿನ್ನೆ ಸೇರಿದ ಆಯಾಗೆ?
ಅವನು ಕರ್ಚೀಫಿನಿಂದ ಕತ್ತು ಒರೆಸಿಕೊಂಡ.

ಬಚ್ಚಲಿನ ಹಿಡಿಕೆಯನ್ನು ನೋಡಿದರೆ ಸಾಲದು, ಜೋತು ಬೀಳಬೇಕು.
ಅರವತ್ತೆಂಟು ಕೇಜಿಯ ನಾನು ಜೋತು ಬಿದ್ದೆ.
ಬಂತು, ಕೈಗೇ ಬಂತು,
ಎರಡು ಮೊಳೆ, ಒಂದು ಹಿಡಿ ಗಾರೆ.
ಆಮೇಲೆ ಕರೆಗಂಟೆ: ಇದೆ.
ಒತ್ತಿದೆ.
ಇಲ್ಲ.

ಆಗ ಒಂಬತ್ತನೆಯ ಮಂಚದಿಂದ ಒಂದು ಕೈ
ನನ್ನ ಸೆರಗು ಹಿಡಿದು ಎರಡು ಬೆರಳಲ್ಲಿ ಹೊಸೆಯಿತು.
ಖಾಸಿಂಬಿ. ಇದೇ ಛಾವಣಿಯ ಕೆಳಗೆ
ಮೂವತ್ತು ವರ್ಷ ಹತ್ತಿ ಆರಿಸಿದಾಕೆ.
'ಎಳಿ ಗಿಡ್ಡ ಐತಿ. ನಾಕು ಸಲ ತೊಳದ್ರ ಮುಗೀತು.'
ಸೀರೆಗೋ ನನಗೋ ಕೇಳಲಿಲ್ಲ.
'ಗಂಟಿ ಬ್ಯಾಡ, ಇಲ್ಲಿ ನೋಡು.'

ದಾರ. ಆಕೆಯ ಕಾಲಿನ ಉಂಗುಟದಿಂದ
ಪಕ್ಕದ ಮಂಚಕ್ಕೆ, ಅಲ್ಲಿಂದ ಅದರಾಚೆಗೆ,
ಒಬ್ಬರ ಉಂಗುಟದಿಂದ ಒಬ್ಬರಿಗೆ,
ಹದಿನೇಳನೆಯವರೆಗೆ.
'ರಾತ್ರಿ ಯಾರಿಗಾರ ಎಚ್ಚರಾದ್ರ ಜಗ್ಗಬೇಕು.
ಆಚಿಗಿನಾಕಿ ತಿರುಗಿ ಜಗ್ಗಬೇಕು.
ಜಗ್ಗಲಿಲ್ಲಂದ್ರ, ಒದರಬೇಕು.
ಸಂಕ್ರಾಂತಿ ಮುಂದ ಒಂದಿನ ಜಗ್ಗಲಿಲ್ಲ. ಒದರಿದ್ವಿ.
ಅಗಾ, ಅಲ್ಲಿ ಬಳ್ಳೊಳ್ಳಿ ಸುಲಿಯಾಕತ್ತಾಳಲ್ಲ, ಆಕಿ.'

ನನ್ನ ಹತ್ತೊಂಬತ್ತನೆಯ ಪ್ರಶ್ನೆ:
ಓಡಾಡುವ ದಾರಿಯಲ್ಲಿ ಹಗ್ಗ, ತಂತಿ, ದಾರ ಇತ್ಯಾದಿ
ಎಡವಿಸುವ ವಸ್ತುಗಳು ಇವೆಯೇ? ಇರಕೂಡದು.
ಪೆನ್ನು ಅಲ್ಲೇ ನಿಂತಿತು. ಆಕೆ ಓದು ಬಾರದವಳು,
ನನ್ನ ಮುಖ ಓದಿದಳು.
'ಗಂಟು ಹಾಕಿಲ್ಲವ್ವ, ಬರೇ ಸುತ್ತೀವಿ.
ಏಳೂ ಮುಂದ ತಾನ ಉಚ್ಚಿ ಬೀಳತೈತಿ.'

ಹಿಡಿಕೆಗೆ ಜೋತು ಬಿದ್ದವಳು ನಾನು,
ಇದನ್ನೂ ನೋಡದೆ ಬರೆಯುವುದು ಹೇಗೆ?
ಗಡಿಯಾರ ನೋಡಿಕೊಂಡು ದಾರ ಜಗ್ಗಿದೆ.
ಕರೆಗೆ ಉತ್ತರ ಎರಡು ನಿಮಿಷದೊಳಗೆ, ಎನ್ನುತ್ತದೆ ಫಾರಮು.
ಬಳ್ಳೊಳ್ಳಿಯಿಂದ ತಲೆ ಎತ್ತದೆಯೇ ಆಕೆ
ಉಂಗುಟ ಮಡಚಿದಳು.
ನನ್ನ ಬೆರಳು ಜಗ್ಗಿತು.
ನಾನಿನ್ನೂ ನಾಲ್ಕು ಎಣಿಸಿರಲಿಲ್ಲ.

ಹತ್ತೊಂಬತ್ತು: ಇದೆ.
ಷರಾ ಕಾಲಮಿನ ಅಗಲ ಒಂದು ಬೆರಳು,
ಅಕ್ಷರ ಸಣ್ಣ ಮಾಡಿ ತುರುಕಿದೆ:
'ಕರೆಗಂಟೆ ದುರಸ್ತಿಯಾಗುವ ತನಕ ತೆಗೆಯತಕ್ಕದ್ದಲ್ಲ.'
ಕೆಳಗೆ ಸಹಿ, ಮೊಹರು, ದಿನಾಂಕ.
ಹದಿನೈದು ದಿನದ ಗಡುವು.

ಗಡುವಿಗೆ ಸರಿಯಾಗಿ ಮತ್ತೆ ಹೋದೆ.
ಮಾತ್ರೆಯ ಡಬ್ಬಿಗಳ ಮೇಲೆ ಇಬ್ಬರು ಹುಲಿಗೆಮ್ಮರ ಫೋಟೋ,
ಇಬ್ಬರೂ ಮುಖ ಗಂಟಿಕ್ಕಿಕೊಂಡು.
ಹಿಡಿಕೆಗೆ ನಾಲ್ಕು ಬೋಲ್ಟು, ನನ್ನನ್ನು ತಡೆಯಿತು.
ಗಂಟೆ ಒತ್ತಿದೆ, ಆಯಾ ಓಡಿ ಬಂದಳು,
ಗಾದಿಲಿಂಗಪ್ಪನ ಮುಖದಲ್ಲಿ ಪಾಸಾದ ಹುಡುಗನ ಕಳೆ.
'ದಾರ ಎಲ್ಲಾ ತೆಗೆಸೀನ್ರಿ ಮೇಡಂ.'

ಒಂಬತ್ತನೆಯ ಮಂಚದಲ್ಲಿ ಹೊದಿಕೆ ಸರಿಯಿತು.
ಉಂಗುಟಕ್ಕೆ ಹೊಸ ದಾರ, ಬೆಳ್ಳಗೆ, ಎರಡು ಸುತ್ತು.
ಕಿಟಕಿಯ ಸರಳಿನ ಮೇಲೆ ಕೂತ ಬೂದಿಯನ್ನು
ಖಾಸಿಂಬಿ ಬೆರಳಲ್ಲಿ ತೆಗೆದು ನನಗೆ ತೋರಿಸಿದಳು.
'ಶಕ್ತಿನಗರದ್ದು. ಬೂದಿ ನಮಗ ತಪ್ಪಲ್ಲ.
ಕರೆಂಟು?'