ಒಳಗೆ ಬಿಟ್ಟ ಬಟ್ಟೆ

ಕಲ್ಯಾಣಪುರದ ಸಂತೆಕಟ್ಟೆ, ಸೋಡಾ ಅಂಗಡಿಯ ಮಗ್ಗುಲಿಗೆ
ಎಂಟಡಿ ಕೋಣೆ, ಕಾಲಲ್ಲಿ ತುಳಿಯುವ ಮಿಷನ್ನು,
ಗೋಡೆಗೆ ಮಾತೆ ಮರಿಯಮ್ಮ, ಮರಿಯಮ್ಮನ ಕಾಲಬುಡದಲ್ಲಿ
ಸೂಜಿ ಚುಚ್ಚಿಟ್ಟ ಸ್ಪಂಜು.
ಶಾಲೆ ಬಿಟ್ಟ ಮೇಲೆ, ಅಮ್ಮ ಬೀಡಿ ಬ್ರಾಂಚಿನಿಂದ ಬರುವ ತನಕ
ನಾನಲ್ಲಿ ಹುಕ್ಕು ಹೊಲಿಯುತ್ತ ಕೂರುತ್ತಿದ್ದೆ.
ಹನ್ನೆರಡು ಹುಕ್ಕಿಗೆ ಒಂದು ಶುಂಠಿ ಪೆಪ್ಪರ್‌ಮಿಂಟು.

ಸೆವ್ರಿನ್ ಬಾಯಿ.
ಹೆಸರಲ್ಲೇ ಬಾಯಿ, ಬಾಯಿ ಬಿಟ್ಟವಳಲ್ಲ.
ಎದೆ, ಸೊಂಟ, ತೋಳು, ಕಂಕುಳು
ಒಂದನ್ನೂ ಗಟ್ಟಿಯಾಗಿ ಹೇಳದೆ
ಟೇಪಿನ ಮೇಲೆ ಉಗುರು ಊರಿ ಹಾಗೇ ಹಿಡಿದುಕೊಂಡು ಹೋಗಿ
ಪುಸ್ತಕದಲ್ಲಿ ಬರೆಯುವಳು.
ಪುಸ್ತಕದಲ್ಲಿ ಹೆಸರೇ ಇಲ್ಲ.
ಒಂದು ಪುಟಕ್ಕೆ ಮೀನು, ಒಂದಕ್ಕೆ ಬೀಗದ ಕೈ,
ಒಂದಕ್ಕೆ ಕಡ್ಡಿ ಮುರಿದ ಕೊಡೆ.
ಯಾರು ಮೀನು, ಯಾರು ಕೊಡೆ
ಅವಳೊಬ್ಬಳಿಗೇ ಗೊತ್ತು.

ಸಂಬಂಧ ಕುದುರಿಸುವ ಪೆದ್ರು ಪೊರ್ಬು ಒಮ್ಮೆ ಬಂದು
ಹತ್ತರ ನೋಟು ಮೇಜಿನ ಮೇಲಿಟ್ಟ:
"ಮೂಲೆಮನೆ ಹುಡುಗಿ ರವಿಕೆ ಬಿಚ್ಚಿಸಿ
ಸಡಿಲ ಮಾಡಿಸಿದ್ದಾಳಂತೆ. ಸೊಂಟ ಈಗ ಎಷ್ಟು, ಬಾಯಿ?"
ಮಿಷನಿನ ಚಕ್ರ ನಿಲ್ಲಲಿಲ್ಲ.
"ನೂಲಿನ ರೀಲಿಗೆ ನಾಲ್ಕು ರೂಪಾಯಿ ಆಗಿದೆ ಪೊರ್ಬು.
ಬೇರೆ ಎಂತದರ ರೇಟೂ ನನಗೆ ಗೊತ್ತಿಲ್ಲ."
ನೋಟು ಗಾಳಿಗೆ ಹಾರಿ ಚರಂಡಿಗೆ ಬಿತ್ತು.
ಅವನೇ ಬಗ್ಗಿ ಹೆಕ್ಕಿದ.

ಯಾರಾದರೂ ಮದುವೆಯಾಗಿ ಊರು ಬಿಟ್ಟರೆ
ಆ ಪುಟ ಹರಿದು ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ.
ತೆಂಗಿನ ಚಿಪ್ಪಿನ ಇದ್ದಿಲ ನಡುವೆ
ಮೂವತ್ತನಾಲ್ಕು, ಇಪ್ಪತ್ತೆಂಟು, ಒಂದು ಮೀನು
ಸುರುಟಿಕೊಂಡು ಕಪ್ಪಾಗುವುದು.
"ಇಟ್ಟುಕೊಂಡು ಎಂತ ಮಾಡುದು? ಗೆದ್ದಲಿಗೆ ಓದಲಿಕ್ಕಾ?"
ಬೇರೆ ದರ್ಜಿಯ ಬಳಿ ಹೊರಟವರಿಗೆ
ಕಾಗದದ ಕಟಿಂಗನ್ನೇ ಮಡಚಿ ಕೊಡುವಳು.
ಮೈ ಅವರದು, ತನ್ನದು ಕತ್ತರಿ ಮಾತ್ರ ಎಂಬ ಹಾಗೆ.

ನನಗೆ ಮಾತ್ರ ದಿನಕ್ಕೊಂದು ಬೈಗುಳ:
"ಒಳಗೆ ಎರಡು ಬೆರಳು ಬಟ್ಟೆ ಬಿಡು ಮಾರಾಯ್ತಿ,
ನಾಳೆ ಬಿಚ್ಚಬೇಕಾದೀತು.
ಬಿಚ್ಚಲಿಕ್ಕೆ ಬಾರದ್ದು ಹೊಲಿಗೆಯಲ್ಲ, ಹಗ್ಗ."

ಈಗ ಮಣಿಪಾಲದ ನಾಲ್ಕನೇ ಮಾಳಿಗೆಯಲ್ಲಿ
ನನ್ನದೂ ಅಳತೆ ತೆಗೆಯುವ ಕೆಲಸವೇ.
ಹೆಂಗಸರು ಮುಟ್ಟಿನ ತಾರೀಕು ಬರೆದಿಡುವ ಆ್ಯಪ್.
ಯಾರಿಗೆ ತಪ್ಪಿತು, ಯಾರಿಗೆ ನಿದ್ದೆಯಿಲ್ಲ,
ಅತ್ತದ್ದಕ್ಕೂ ಒಂದು ಹಳದಿ ಬಟನ್.
ಮೊನ್ನೆ ನಿಶಾಂತ್ ಕುರ್ಚಿ ಎಳೆದು ಕೂತು
"ಒಂದೇ ಸಾಲು ಸೇರಿಸು" ಎಂದ, ನಗುತ್ತಲೇ.
ತಾರೀಕು ತಪ್ಪಿದ ಕೂಡಲೇ ಹೆಸರು, ನಂಬರು
ತೊಟ್ಟಿಲು ಮಾರುವವರಿಗೆ, ವಿಮೆಯವರಿಗೆ.
"ಒಪ್ಪಿಗೆ ಕೊಟ್ಟಿದ್ದಾರಲ್ಲ ಅವರು."
ಕೊಟ್ಟಿದ್ದಾರೆ.
ನಲವತ್ತೊಂದು ಪುಟ ಇಂಗ್ಲಿಷಿನ ತಳದಲ್ಲಿ
ಹೆಬ್ಬೆರಳಿಗೆ ಬೇಕಾದಷ್ಟೇ ಜಾಗ ಬಿಟ್ಟು
ಕೇಳಿದ್ದೇವೆ ನಾವು.

ಸಾಲು ಬರೆಯಲಿಲ್ಲ. ದೊಡ್ಡ ಮಾತೇನಲ್ಲ ಅದು,
ಪಕ್ಕದ ಮೇಜಿನ ಹುಡುಗ ನಾಳೆ ಬರೆದಾನು.
ಅವನಿಗೆ ಮನೆಸಾಲ ಉಂಟು, ನನಗೂ ಉಂಟು.
ನನ್ನ ನಿದ್ದೆ ಕೆಡಿಸಿದ್ದು ಬೇರೆ:
'ಅಳಿಸು' ಎಂಬ ಬಟನ್.
ಒತ್ತಿದರೆ ಏನೂ ಅಳಿಯುವುದಿಲ್ಲ, ಕಣ್ಣಿಗೆ ಮರೆ ಅಷ್ಟೆ.
ಅದನ್ನು ಹಾಗೆ ಹೊಲಿದವಳು ನಾನೇ,
ಎರಡು ವರ್ಷದ ಹಿಂದೆ, ಬೋನಸ್ಸಿನ ತಿಂಗಳು.
ಒಳಗೆ ಅರ್ಧ ಬೆರಳೂ ಬಟ್ಟೆ ಬಿಟ್ಟಿರಲಿಲ್ಲ.

ರಾತ್ರಿ ಹನ್ನೊಂದು. ಗುಡ್ಡದ ಕೆಳಗೆ ಉಡುಪಿಯ ದೀಪ,
ಅದರಾಚೆ ಕಪ್ಪು, ಕಪ್ಪಿನಲ್ಲಿ ಮಲ್ಪೆ ದೋಣಿಗಳ ಚುಕ್ಕಿ.
ಬಿಚ್ಚುತ್ತ ಕೂತಿದ್ದೇನೆ, ಗಂಟು ಗಂಟಾಗಿ.
ಪರೀಕ್ಷೆಗೆ ಮೊದಲು ನನ್ನದೇ ಪುಟ.
ಯಾರಿಗೂ ಹೇಳದ ಆ ಏಳು ವಾರ,
ಹಳದಿ ಬಟನ್ ಒತ್ತಿದ ಒಂಬತ್ತು ರಾತ್ರಿ.

ಒತ್ತಿದೆ.

ಕೆಂಡವಿಲ್ಲ, ಸುಟ್ಟ ಕಾಗದದ ವಾಸನೆಯಿಲ್ಲ,
ನಂಬಲಿಕ್ಕೇ ಆಗುವುದಿಲ್ಲ.
ನನ್ನ ಹೆಸರು ಹಾಕಿ ಹುಡುಕಿದೆ.
ಇಲ್ಲ.
ಇನ್ನೊಮ್ಮೆ ಹುಡುಕಿದೆ.