ತೂತು ಗೂಡು

ಬುಧವಾರ, ಶುಕ್ರವಾರ, ಫಿಲೇಚರಿನ ಬಾಯ್ಲರ್ ಆರಿದ ಮೇಲೆ
ಶಿಡ್ಲಘಟ್ಟದ ನಮ್ಮ ಚರ್ಚಿನ ಹಿಂದಿನ ಕೋಣೆಗೆ
ಪಿಳ್ಳಮ್ಮ ಬರುವಳು. ಅವಳಿಗಿಂತ ಮುಂಚೆ ಅವಳ ವಾಸನೆ:
ಬೆಂದ ಹುಳುವಿನದು, ನೆರಿಗೆ ನೆರಿಗೆಗೂ ಇಳಿದದ್ದು.
ಬಾಗಿಲ ಬಳಿಯ ಬೆಂಚಿನಲ್ಲೇ ಕೂರುವಳು.
ಒಳಗೆ ಬಾ ಅಂದರೆ, “ಇರಲಿ ಟೀಚರಮ್ಮ, ಇಲ್ಲಿ ಗಾಳಿ ಅದೆ.”

ನನ್ನ ಕೈಯಲ್ಲಿ ದೀಕ್ಷಾಸ್ನಾನದ ಪ್ರಶ್ನೋತ್ತರ, ಎಂಬತ್ತನಾಲ್ಕು.
ಅವಳಿಗೆ ಓದು ಬಾರದು. ನಾನು ಹೇಳಿದ್ದರ ತುದಿ ಹಿಡಿದು
ಕಡಿಯದ ಹಾಗೆ ಎಳೆದುಕೊಳ್ಳುವಳು.
ಲೆಕ್ಕ, ಬೈಗುಳ, ನಿದ್ದೆಗಣ್ಣಿನ ಮಾತು ತೆಲುಗು;
ವಿಶ್ವಾಸಪ್ರಮಾಣ ಮಾತ್ರ ಕನ್ನಡ.
ಪಿಲಾತನ ಹೆಸರು ಬಂದಾಗಲೆಲ್ಲ ನಿಂತುಬಿಡುವಳು:
“ಕೊಲ್ಲಿಸಿದೋನ ಹೆಸರು ವಾರವಾರ ಯಾಕೆ ಹೇಳಬೇಕು?”
ಎಂಬತ್ತನಾಲ್ಕರಲ್ಲಿ ಇರಲಿಲ್ಲ ಆ ಪ್ರಶ್ನೆ.

ಮೂರನೇ ವಾರ ನೀರಿನ ಪಾಠ.
ಮುಳುಗುವುದು ಸಾವು, ಏಳುವುದು ಹೊಸ ಜೀವ,
ಅಂದೆ, ಪ್ರತಿ ವರ್ಷ ಅನ್ನುವ ಹಾಗೆ.
ಅವಳು ತನ್ನ ಬಿಳುಚಿದ ಬೆರಳು ನೋಡಿಕೊಂಡಳು.
“ಹತ್ತೊಂಬತ್ತು ವರ್ಷ ಬಾಣಲೆ ಮುಂದೆ ಕೂತಿದ್ದೀನಿ.
ನೀರಿಗೆ ಹೋದದ್ದು ಒಂದೂ ಎದ್ದು ಬಂದಿಲ್ಲ.
ಏಳೋಕೆ ನಾವು ಬಿಡಲ್ಲ. ಚಿಟ್ಟೆ ಎದ್ದರೆ ಗೂಡು ತೂತು,
ತೂತು ಗೂಡಲ್ಲಿ ನೂಲು ಬಿಚ್ಚಲ್ಲ,
ಮಾರ್ಕೆಟ್ಟಲ್ಲಿ ಮೂಸೋರೂ ಇಲ್ಲ.”

ಎದ್ದು ಚಪ್ಪಲಿ ಮೆಟ್ಟಿ, ಮತ್ತೆ ತಿರುಗಿ:
“ಆತ ಸಮಾಧಿಯಲ್ಲಿ ಬಟ್ಟೆ ಬಿಟ್ಟು ಹೋದನಲ್ಲ,
ಆ ಊರಲ್ಲಿ ಅದಕ್ಕೂ ಬೆಲೆ ಕಟ್ಟಿರಲ್ಲ ಬಿಡಿ.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಯ್ಯನವರು ನಾಲ್ಕು ಹೆಸರು ಚೀಟಿಯಲ್ಲಿ ಕಳಿಸಿದ್ದರು.
ಪ್ರಿಸ್ಕಿಲ್ಲ, ದೊರ್ಕ, ಮತ್ತೆರಡು. ಒಂದೊಂದನ್ನೂ
ಬಾಯಲ್ಲಿ ಹೊರಳಿಸಿ ನೋಡಿ ಚೀಟಿ ಮಡಿಸಿ ಕೊಟ್ಟಳು.
“ಪಿಳ್ಳ ಅಂದ್ರೆ ನಮ್ಮಲ್ಲಿ ಮಗು.
ಮಕ್ಕಳ ಹಾಗೆ ಬನ್ನಿ ಅಂದಿದ್ದು ಆತನೇ ಅಲ್ವಾ?”

ಕೊನೆಯ ಪಾಠದ ದಿನ ಅವಳೇ ಕೇಳಿದಳು:
“ನಿಮ್ಮದು ಎಲ್ಲಾಯ್ತು? ನೀರು ತಣ್ಣಗಿತ್ತಾ?”
ಇದೇ ಚರ್ಚಲ್ಲಂತೆ, ಅಂದೆ. ಇಪ್ಪತ್ತೊಂದು ದಿನದ ಕೂಸಂತೆ.
ಅಜ್ಜಿ ಎತ್ತಿಕೊಂಡಿದ್ದಳಂತೆ. ಹಣೆಗೆ ಮೂರು ಸಲವಂತೆ.
ಅತ್ತೆನಂತೆ.
ಎಷ್ಟು ‘ಅಂತೆ’ ಆಯಿತೆಂದು ಎಣಿಸಿದವಳು ಅವಳಲ್ಲ, ನಾನು.

ಭಾನುವಾರ ಹಿಪ್ಪುನೇರಳೆ ತೋಟದ ಕೃಷಿಹೊಂಡ,
ಕರಿ ಟಾರ್ಪಾಲಿನ ಮೇಲೆ ಪಾಚಿ, ಅಯ್ಯನವರೇ ಒಮ್ಮೆ ಜಾರಿದರು.
ಅವಳ ನಾದಿನಿ ದಂಡೆಯಲ್ಲಿ ಟವೆಲು ಹಿಡಿದು
ಮುಖ ಗಂಟಿಕ್ಕಿ ನಿಂತಿದ್ದಳು. ಆದರೂ ಬಂದಿದ್ದಳು.
ಇಳಿಯುವ ಮುಂಚೆ ಪಿಳ್ಳಮ್ಮ ಬಗ್ಗಿ, ಅಭ್ಯಾಸಬಲದಿಂದ,
ಎರಡು ಬೆರಳು ಅದ್ದಿ ನೀರಿನ ಹದ ನೋಡಿದಳು.
ಹತ್ತೊಂಬತ್ತು ವರ್ಷ ಸುಟ್ಟ ಬೆರಳು.
“ಚಲ್ಲಗುಂದಿ!” ಅಂದಳು, ಹಿತ್ತಲ ಹುಡುಗಿಯ ಹಾಗೆ ಕಿರುಚಿ.
ಹಾಡು ಹೇಳಬೇಕಾದ ನಾವೆಲ್ಲ ನಕ್ಕುಬಿಟ್ಟೆವು.

ಮುಳುಗಿದಳು.
ಅಷ್ಟು ಹೊತ್ತು ನಾನು ಉಸಿರು ಹಿಡಿದಿದ್ದೆ.

ಆಮೇಲೆ ದಾಖಲೆ ಪುಸ್ತಕ. ಹೆಬ್ಬೆಟ್ಟು ಒತ್ತಿದಳು: ಬರೀ ಮಸಿ.
ಇನ್ನೊಮ್ಮೆ ಅಂದರು ಅಯ್ಯನವರು. ಮತ್ತೆ ಮಸಿ.
ಬಿಸಿನೀರು ಗೆರೆಯೆಲ್ಲ ತಿಂದು ವರ್ಷಗಳಾಗಿವೆ,
ರೇಷನ್ ಅಂಗಡಿಯ ಯಂತ್ರ ತಿಂಗಳಿಗೊಮ್ಮೆ
ಇವಳು ಇವಳಲ್ಲ ಅನ್ನುತ್ತದೆ.
ಅಯ್ಯನವರು ಮಸಿಯ ಪಕ್ಕ ಬರೆದರು: ಪಿಳ್ಳಮ್ಮ.

“ನಿಮ್ಮದು ಯಾವ ಪುಟ?”
ಹಿಂದಕ್ಕೆ, ಹಿಂದಕ್ಕೆ ಮಗುಚಿದೆವು, ಹುಳ ತಿಂದ ಅಂಚು,
ಯಾರದೋ ಓರೆ ಅಕ್ಷರ: ಜಯವತಿ, ವಯಸ್ಸು ದಿನ ೨೧.
ಇದಾ, ಎಂದು ಅವಳು ಬೆರಳಿಟ್ಟು ತೋರಿಸಿದಳು.
ಹೆಬ್ಬೆಟ್ಟಿನ ಶಾಯಿ ಇನ್ನೂ ಆರಿರಲಿಲ್ಲ.